ಖಾಲಿ ಪೈಪಿನೊಳಗೆ ಏನು ನುಗ್ಗುತ್ತದೆ?

ನೀರು ಸರಬರಾಜಿನ ಎಂಜಿನಿಯರ್ ಆದ ನನಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. ಟ್ಯಾಂಕ್ ತೊಳೆಸಿದ್ದೀರಿ, ಬ್ಲೀಚಿಂಗ್ ಪೌಡರ್ ಹಾಕಿದ್ದೀರಿ, ನೀರೂ ತಿಳಿಯಾಗಿಯೇ ಬರುತ್ತಿದೆ, ಆದ್ರೂ ನಮ್ಮ ಓಣಿಯ ಮಕ್ಕಳಿಗೆ ಯಾಕೆ ವಾಂತಿ ಭೇದಿ? ಇಂಥ ದೂರು ಬಂದಾಗ ನಾನೀಗ ಮೊದಲು ಟ್ಯಾಂಕ್ ಹತ್ತುವುದಿಲ್ಲ. ಮನೆ ಮುಂದಿನ ನೆಲ ನೋಡುತ್ತೇನೆ.

ಬಾಗಿಲ ಮುಂದೆ ಚರಂಡಿ. ಅದರಾಚೆ ರಸ್ತೆಯಡಿ ದೊಡ್ಡ ಪೈಪು. ಅಲ್ಲಿಂದ ಮನೆಗೆ ಬರುವ ಸಣ್ಣ ಪೈಪು ಚರಂಡಿ ದಾಟಲೇಬೇಕು, ಎಷ್ಟೋ ಕಡೆ ಆ ಕೊಳಚೆಯಲ್ಲಿ ಮುಳುಗಿಯೇ ಬರುತ್ತದೆ. ನೀರು ಜೋರಾಗಿ ಬರಲ್ಲ ಅಂತ ಜನ ಮೊಣಕಾಲುದ್ದ ಗುಂಡಿ ತೋಡಿ, ನಲ್ಲಿಯನ್ನು ಕೆಳಗಿಳಿಸಿ, ಗುಂಡಿಯೊಳಗೆ ಕೊಡ ಇಟ್ಟು ಹಿಡಿಯುತ್ತಾರೆ. ಇದರಲ್ಲಿ ಅವರ ತಪ್ಪೇನಿಲ್ಲ. ನಾಲ್ಕು ದಿನಕ್ಕೊಮ್ಮೆ ಎರಡು ತಾಸು ನೀರು ಬಿಟ್ಟರೆ ಯಾರಾದರೂ ಇದನ್ನೇ ಮಾಡುತ್ತಾರೆ.

ತೊಂದರೆ ಶುರುವಾಗುವುದು ನೀರು ನಿಂತ ಮೇಲೆ. ವಾಲ್ವ್ ಮುಚ್ಚಿದ ಕೂಡಲೇ ಪೈಪಿನಲ್ಲಿ ಉಳಿದ ನೀರು ಇಳಿಜಾರಿನ ಕಡೆ ಹರಿದು ಹೋಗುತ್ತದೆ, ಹೋಗುವಾಗ ಹಿಂದೆ ಜಾಗ ಖಾಲಿಯಾಗಿ ಪೈಪು ಹೊರಗಿನದ್ದನ್ನು ಒಳಗೆ ಎಳೆದುಕೊಳ್ಳುತ್ತದೆ, ನಾವು ಎಳನೀರನ್ನು ಸ್ಟ್ರಾದಲ್ಲಿ ಎಳೆದ ಹಾಗೆ. ಸಡಿಲ ಜಾಯಿಂಟು, ತುಕ್ಕು ಹಿಡಿದ ತೂತು, ಗುಂಡಿ ನೀರಲ್ಲಿ ಮುಳುಗಿದ ನಲ್ಲಿಯ ಬಾಯಿ, ಎಲ್ಲಿ ದಾರಿ ಇದ್ದರೂ ಸಾಕು. ಯಾರಾದರೂ ಲೈನಿಗೆ ನೇರವಾಗಿ ಮೋಟರ್ ಹಾಕಿದರೆ ಈ ಎಳೆತ ಇನ್ನೂ ಜಾಸ್ತಿ. ಪೈಪು ತುಂಬಿದ್ದು ಒತ್ತಡ ಇದ್ದರೆ ತೂತಿನಿಂದ ನೀರು ಹೊರಗೆ ಹೋಗುತ್ತದೆ, ಕೊಳಕು ಒಳಗೆ ಬರಲಾರದು. ಅಂದರೆ ಸೋರುವ ಪೈಪಿಗಿಂತ ಖಾಲಿ ಪೈಪು ಅಪಾಯ.

ಇದು ಸುಮ್ನೆ ಹೇಳುವ ಮಾತಲ್ಲ. ಹುಬ್ಬಳ್ಳಿ–ಧಾರವಾಡದ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಕೊಡಲು ಶುರು ಮಾಡಿದ್ದರು, ಉಳಿದ ಕಡೆ ಕೆಲವು ದಿನಕ್ಕೊಮ್ಮೆ ಬರುತ್ತಿತ್ತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಎರಡೂ ಕಡೆಯ ನಲ್ಲಿ ನೀರು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಟ್ಟು ಬಿಟ್ಟು ಬರುವ ನಲ್ಲಿಗಳ ಸ್ಯಾಂಪಲ್‌ಗಳಲ್ಲಿ ಶೇ. 31.7ರಲ್ಲಿ ಇ. ಕೋಲಿ ಸಿಕ್ಕಿತು, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ. ಸದಾ ಬರುವ ನಲ್ಲಿಗಳಲ್ಲಿ ಶೇ. 0.7 ಮಾತ್ರ. ಇನ್ನೊಂದು ವಿಷಯವೂ ಗೊತ್ತಾಯಿತು. ಎರಡೂ ಕಡೆ ಮನೆಯಲ್ಲಿ ತುಂಬಿಟ್ಟ ಕುಡಿಯುವ ನೀರು ನಲ್ಲಿ ನೀರಿಗಿಂತ ಕೊಳಕಾಗಿತ್ತು. ದಿನವಿಡೀ ನೀರು ಬಂದರೂ ಜನ ತುಂಬಿಡುವುದನ್ನು ಬಿಟ್ಟಿರಲಿಲ್ಲ. ನಾಳೆ ಬರುತ್ತೋ ಇಲ್ವೋ ಎಂಬ ಹಳೆಯ ಭಯ ಅಷ್ಟು ಬೇಗ ಹೋಗುತ್ತದೆಯೇ?

ಬಯಲುಸೀಮೆಯ ಒಂದು ಊರಲ್ಲಿ ಅಜ್ಜಿಯೊಬ್ಬರ ಮನೆ ನೀರನ್ನು ಪರೀಕ್ಷೆ ಬಾಟಲಿಗೆ ಹಾಕಿದ್ದೆ. ಬೆರಳುದ್ದದ ಗಾಜಿನ ಬಾಟಲಿ ಅದು. ಗುರುತಿನವರೆಗೆ ನೀರು ತುಂಬಿಸಿ ಬೆಚ್ಚಗಿನ ಜಾಗದಲ್ಲಿಟ್ಟರೆ, ಕರುಳಿನ ಬ್ಯಾಕ್ಟೀರಿಯಾ ಇದ್ದಲ್ಲಿ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. "ಕನ್ನಡಿ ಇದ್ದಂಗೈತಲ್ಲ ಸಾರ್ ನೀರು" ಅಂದಿದ್ದರು ಅಜ್ಜಿ. ಮರುದಿನ ಹೋದಾಗ ಬಾಟಲಿ ಇದ್ದಿಲಿನ ಬಣ್ಣಕ್ಕೆ ತಿರುಗಿತ್ತು. ಅವರು ಅದನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು. ಪಕ್ಕದಲ್ಲಿ ಮೊಮ್ಮಗು ಆಡುತ್ತಿತ್ತು. ಆ ಹೊತ್ತಿಗೆ ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಕುಡಿಯುವ ನೀರು ಬೇರೆ, ಶೌಚಾಲಯ ಬೇರೆ ಅಂತ ನಾವು ಎರಡು ಯೋಜನೆ, ಎರಡು ಫೈಲು ಮಾಡಿಕೊಂಡಿದ್ದೇವೆ. ನೆಲದಡಿ ಅವು ಅಕ್ಕಪಕ್ಕದಲ್ಲೇ ಇವೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ನ 2022ರ ಲೆಕ್ಕದಲ್ಲಿ ಜಗತ್ತಿನ ಸುಮಾರು 220 ಕೋಟಿ ಜನಕ್ಕೆ ಸುರಕ್ಷಿತವಾಗಿ ನಿರ್ವಹಿಸಿದ ಕುಡಿಯುವ ನೀರಿಲ್ಲ, ಸುಮಾರು 350 ಕೋಟಿ ಜನಕ್ಕೆ ಅಂಥ ಶೌಚ ವ್ಯವಸ್ಥೆ ಇಲ್ಲ. ಎರಡನೆಯದು ಸರಿಹೋಗದೆ ಮೊದಲನೆಯದು ಹೇಗೆ ಸರಿಹೋದೀತು? ಕೃಷ್ಣಾ, ತುಂಗಭದ್ರಾ ನಡುವಿನ ರಾಯಚೂರಿನಲ್ಲೇ 2022ರಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಮರುವರ್ಷ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲೂ ಹಾಗೇ ಆಯಿತು.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ನೀರು ಬಿಟ್ಟ ಮೊದಲ ಕೆಲವು ನಿಮಿಷದ ನೀರು ಪೈಪಿನೊಳಗಿನ ಕೊಳಕನ್ನೆಲ್ಲ ಹೊತ್ತು ತರುತ್ತದೆ, ಅದನ್ನು ಕುಡಿಯಲು ಹಿಡಿಯಬೇಡಿ, ನೆಲ ಒರೆಸಲು ಇಟ್ಟುಕೊಳ್ಳಿ. ಕುಡಿಯುವ ನೀರು ಕೊತಕೊತ ಅಂತ ಒಂದು ನಿಮಿಷವಾದರೂ ಕುದಿಯಲಿ. ಮುಚ್ಚಿಡಿ, ಲೋಟ ಅದ್ದಬೇಡಿ, ಉದ್ದ ಹಿಡಿಯ ಸೌಟಿನಲ್ಲಿ ತೆಗೆಯಿರಿ. ನಿಮ್ಮ ಊರಿನ ನೀರುಗಂಟಿಯವರನ್ನು ಕೇಳಿ, ಕ್ಲೋರಿನ್ ಪರೀಕ್ಷೆಯನ್ನು ಟ್ಯಾಂಕಿನ ಹತ್ತಿರ ಮಾಡಿದರೆ ಸಾಲದು, ಲೈನಿನ ಕೊನೆಯ ಮನೆಯಲ್ಲಿ ಮಾಡಿ ಅಂತ. ಅಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು.

ಅಜ್ಜಿ ಆಮೇಲೆ ಗುಂಡಿ ಮುಚ್ಚಿಸಿ ನಲ್ಲಿ ಮೇಲೆತ್ತಿಸಿದರು. ಮುಂದಿನ ಸಲ ಹೋದಾಗ ಹಜಾರದಲ್ಲಿ ಸಾಲಾಗಿಟ್ಟ ಕೊಡಗಳಲ್ಲಿ ಅರ್ಧಕ್ಕರ್ಧ ಖಾಲಿ. ಮೇಲಿನ ನಲ್ಲಿಗೆ ನೀರು ಏರುತ್ತಿರಲಿಲ್ಲ. "ನೀವು ಹೇಳಿದಂಗೆ ಮಾಡಿದೀನಿ ಸಾರ್, ಇನ್ನೊಂದು ತಾಸು ಜಾಸ್ತಿ ನೀರು ಬಿಡ್ಸಿ" ಅಂದರು. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಅವತ್ತು ಸಂಜೆ ಆ ಓಣಿಯ ವಾಲ್ವ್ ಹತ್ತಿರ ನಿಂತು ಎಷ್ಟು ಹೊತ್ತಿಗೆ ತೆರೆಯುತ್ತಾರೆ, ಎಷ್ಟು ಹೊತ್ತಿಗೆ ಮುಚ್ಚುತ್ತಾರೆ ಅಂತ ಬರೆದುಕೊಂಡೆ.