ಮದುವೆಯ 1,200 ಫೋಟೋಗಳನ್ನು ಅಜ್ಜಿಗೆ ತೋರಿಸುವುದು ಹೇಗೆ?

ಪ್ರಶ್ನೆ: ಮಂಡ್ಯದಲ್ಲಿ ನಡೆದ ತಂಗಿಯ ಮದುವೆಯ 1,200 ಫೋಟೋ ಪೆನ್‌ಡ್ರೈವ್‌ನಲ್ಲಿ ಬಂದಿವೆ. ಆಲ್ಬಂಗೆ 150 ಆರಿಸಿಕೊಡಿ ಅಂತ ಫೋಟೋಗ್ರಾಫರ್ ಅಂದಿದ್ದಾರೆ. ಅಜ್ಜಿಗೆ ಮೊಬೈಲ್‌ನಲ್ಲಿ ಸರಿಯಾಗಿ ಕಾಣುವುದಿಲ್ಲ, ಆದರೆ ಆರಿಸುವಾಗ ಅವರೂ ಇರಬೇಕು. ಒಂದೊಂದು ಹಾಳೆಯಲ್ಲಿ ಹತ್ತಾರು ಫೋಟೋ ಪ್ರಿಂಟ್ ಮಾಡಿಸಬಹುದೇ?

ಖಂಡಿತ ಮಾಡಿಸಬಹುದು. ಇದಕ್ಕೆ ಕಾಂಟ್ಯಾಕ್ಟ್ ಶೀಟ್ ಅಂತ ಹೆಸರು. ರೀಲಿನ ಕಾಲದಲ್ಲಿ 36 ಫ್ರೇಮಿನ ನೆಗೆಟಿವನ್ನು ಆರು ಪಟ್ಟಿಗಳಾಗಿ ಕತ್ತರಿಸಿ, 8×10 ಇಂಚಿನ ಫೋಟೋ ಪೇಪರಿನ ಮೇಲೆ ಜೋಡಿಸಿ, ಗಾಜು ಒತ್ತಿ ಬೆಳಕು ಬಿಡುತ್ತಿದ್ದೆವು. ನೆಗೆಟಿವ್ ಪೇಪರಿಗೆ ತಾಗಿಕೊಂಡೇ ಇರುತ್ತಿದ್ದರಿಂದ ಆ ಹೆಸರು ಬಂತು. ಒಂದೊಂದು ಚಿತ್ರ ನೆಗೆಟಿವ್‌ನಷ್ಟೇ, ಅಂದರೆ 36×24 ಮಿಲಿಮೀಟರ್. ಭೂತಗನ್ನಡಿ ಹಿಡಿದೇ ನೋಡಬೇಕಿತ್ತು.

ಈಗ ಅಳತೆ ನಿಮ್ಮ ಕೈಯಲ್ಲಿದೆ. ವಿಂಡೋಸ್‌ನಲ್ಲಿ ಫೋಟೋಗಳನ್ನು ಆರಿಸಿ ಪ್ರಿಂಟ್ ಒತ್ತಿದರೆ ಕಾಂಟ್ಯಾಕ್ಟ್ ಶೀಟ್ ಆಯ್ಕೆ ಸಿಗುತ್ತದೆ, ಪುಟಕ್ಕೆ 35 ಚಿತ್ರ. ಅಜ್ಜಿಯ ಕಣ್ಣಿಗೆ ಅದು ತೀರಾ ಚಿಕ್ಕದು. ಎ4 ಹಾಳೆಗೆ ಅಡ್ಡ ನಾಲ್ಕು, ಉದ್ದ ಐದು, ಒಟ್ಟು 20 ಇರಲಿ. ಆಗ ಒಂದೊಂದು ಚಿತ್ರಕ್ಕೆ ಸಿಗುವ ಮನೆ ಹೆಚ್ಚುಕಡಿಮೆ ಚೌಕವಾಗುತ್ತದೆ, ಅಡ್ಡ ಫೋಟೋ ಸುಮಾರು 45 ಮಿಲಿಮೀಟರ್ ಅಗಲ ಬರುತ್ತದೆ, ನಿಂತ ಫೋಟೋ ಕೂಡ ಕುಗ್ಗುವುದಿಲ್ಲ. ಹೀಗೆ ಸಾಲು, ಕಂಬ ನೀವೇ ಹೇಳಲು ಇರ್ಫಾನ್‌ವ್ಯೂ ಎಂಬ ಕಂಪ್ಯೂಟರ್ ಪ್ರೋಗ್ರಾಂ ಸಾಕು, ಸ್ವಂತ ಬಳಕೆಗೆ ಉಚಿತ. ಫೋಟೋ ತಿದ್ದುವ ಲೈಟ್‌ರೂಮ್ ಕ್ಲಾಸಿಕ್ ಇದ್ದರೆ ಅದರ ಪ್ರಿಂಟ್ ವಿಭಾಗದಲ್ಲೂ ಆಗುತ್ತದೆ. ಪುಟ 2480×3508 ಪಿಕ್ಸೆಲ್ ಇಟ್ಟರೆ 300 ಡಿಪಿಐಗೆ, ಅಂದರೆ ಇಂಚಿಗೆ 300 ಚುಕ್ಕಿಗೆ, ಸರಿಹೋಗುತ್ತದೆ. ಆ ಚೌಕ ತುಂಬಿಸಲು ಚಿತ್ರದ ಅಂಚು ಕತ್ತರಿಸುವ ಆಯ್ಕೆ ಇದ್ದರೆ ತೆಗೆದುಬಿಡಿ. ಅಂಚಿನಲ್ಲಿ ನಿಂತ ದೊಡ್ಡಪ್ಪನೇ ಹೊರಟುಹೋದಾರು.

ಎಲ್ಲಕ್ಕಿಂತ ಮುಖ್ಯ, ಪ್ರತಿ ಚಿತ್ರದ ಕೆಳಗೆ ಫೈಲಿನ ಹೆಸರು ಬರಲೇಬೇಕು, ಒಂದೇ ಹೆಸರು ಎರಡು ಚಿತ್ರಕ್ಕೆ ಇರಲೂಬಾರದು. ಇದನ್ನು ನಾನು ನೋವುಂಡು ಕಲಿತೆ. ಮೈಸೂರಿನಲ್ಲಿ ನಾನು ತೆಗೆದ ಒಂದು ಮದುವೆಗೆ ಎರಡು ಕ್ಯಾಮೆರಾ ಇದ್ದವು, ಎರಡರಲ್ಲೂ ಡಿಎಸ್‌ಸಿ 0412 ಎಂಬ ಹೆಸರಿನ ಫೈಲ್ ಇತ್ತು. ಹುಡುಗಿಯ ತಾಯಿ ಗುರುತು ಹಾಕಿದ್ದು ಧಾರೆ ಎರೆಯುವ ಗಳಿಗೆಗೆ. ಆಲ್ಬಂನಲ್ಲಿ ಬಂದದ್ದು ಊಟದ ಪಂಕ್ತಿ. ಆ ಪುಟ ತಿರುವಿದಾಗ ಅವರ ಮುಖ ಬಾಡಿದ್ದು ಇಂದಿಗೂ ನೆನಪಿದೆ. ನಿಮ್ಮ ಪೆನ್‌ಡ್ರೈವ್‌ನಲ್ಲೂ ಎರಡು ಫೋಲ್ಡರ್ ಇದ್ದರೆ ಒಂದರ ಪ್ರತಿ ಫೈಲಿನ ಹೆಸರಿಗೆ ಎ, ಇನ್ನೊಂದರ ಪ್ರತಿ ಫೈಲಿನ ಹೆಸರಿಗೆ ಬಿ ಸೇರಿಸಿ. ಆಮೇಲೆ ಶೀಟ್ ಮಾಡಿ. ಹೀಗೆ ಹೆಸರು ಬದಲಿಸಿದ್ದನ್ನು ಫೋಟೋಗ್ರಾಫರಿಗೂ ತಿಳಿಸಿ.

1,200ನ್ನೂ ಪ್ರಿಂಟ್ ಹಾಕಿಸಿದರೆ 60 ಹಾಳೆಯಾಗುತ್ತದೆ. ಕಣ್ಣು ಮುಚ್ಚಿದವು, ಒಂದೇ ಭಂಗಿಯ ಮೂರು ನಾಲ್ಕು, ಇವನ್ನು ನೀವೇ ಮೊದಲು ತೆಗೆಯಿರಿ. 400ಕ್ಕೆ ಇಳಿಸಿದರೆ 20 ಹಾಳೆ ಸಾಕು. ಹೊಳೆಯುವ ಫೋಟೋ ಪೇಪರ್ ಬೇಡ, ಬಾಲ್‌ಪೆನ್ ಜಾರುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಮಾಮೂಲಿಗಿಂತ ತುಸು ದಪ್ಪನೆಯ 100 ಜಿಎಸ್‌ಎಂ ಹಾಳೆಯ ಮೇಲೆ ಕಲರ್ ಪ್ರಿಂಟ್ ತೆಗೆಸಿ. ಆದರೆ ಆ ಹಾಳೆ ನೋಡಿ ಸೀರೆಯ ಬಣ್ಣ ತೀರ್ಮಾನಿಸಬೇಡಿ.

ನೆಂಟರೆಲ್ಲ ಒಟ್ಟಿಗೆ ನಿಂತ ಗ್ರೂಪ್ ಫೋಟೋಗಳಿಗೆ ಮಾತ್ರ ಬೇರೆ ಶೀಟ್ ಮಾಡಿ, ಪುಟಕ್ಕೆ ಆರು. 45 ಮಿಲಿಮೀಟರ್‌ನಲ್ಲಿ ಮೂವತ್ತು ಮಂದಿ ನಿಂತರೆ ಒಂದೊಂದು ಮುಖ ಅಕ್ಕಿಕಾಳಿನಷ್ಟಾಗುತ್ತದೆ, ಅಜ್ಜಿ ಹುಡುಕುವುದೇ ಆ ಮುಖಗಳನ್ನು.