ಪದ ಪರಿಚಯ: ಕ್ರಿಟಿಕಲ್ ವ್ಯೂಶೆಡ್

ಒಂದು ಕಡೆ ನಿಂತು ಸುತ್ತ ಕಣ್ಣು ಹಾಯಿಸಿದರೆ ಎಷ್ಟು ನೆಲ ಕಾಣುತ್ತದೋ ಅಷ್ಟೂ ಆ ಜಾಗದ ವ್ಯೂಶೆಡ್. ಗುಡ್ಡದ ಮರೆಯಲ್ಲಿರುವುದು ಲೆಕ್ಕಕ್ಕಿಲ್ಲ. ಇದಕ್ಕೆ ‘ಕ್ರಿಟಿಕಲ್’ ಸೇರಿದಾಗ ಅದು ಕಾನೂನಿನ ಮಾತಾಗುತ್ತದೆ. ಅಂದರೆ, ಹಾಗೆ ಕಾಣುವ ನೆಲದಲ್ಲಿ ಹೊಸದಾಗಿ ಏನನ್ನೂ ಕಟ್ಟುವಂತಿಲ್ಲ.

ಈ ಮಾತಿಗೆ ಹೆಸರು ತಂದುಕೊಟ್ಟದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಬಿಗ್ ಸರ್. ಅಲ್ಲಿ ಸಾಂತಾ ಲೂಸಿಯಾ ಬೆಟ್ಟಗಳು ಸೀದಾ ಪೆಸಿಫಿಕ್ ಸಾಗರಕ್ಕೆ ಇಳಿಯುತ್ತವೆ. 1937ರಲ್ಲಿ ಆ ಕಡಿದಾದ ಬೆಟ್ಟಗಳ ಅಂಚಿನಲ್ಲೇ ರಸ್ತೆ ತೆರೆಯಿತು. ಅದೇ ಹೈವೇ 1. ರಸ್ತೆ ಬಂದ ಮೇಲೆ ಮನೆ, ಹೋಟೆಲು ಬರುವುದು ಎಷ್ಟು ಹೊತ್ತಿನ ಕೆಲಸ, ಅಲ್ವಾ? ಅದನ್ನು ತಡೆಯಲು 1976ರಲ್ಲಿ ರಾಜ್ಯದ ಕರಾವಳಿ ಕಾಯ್ದೆ ಬಂತು. ಅದರಡಿ 1986ರಲ್ಲಿ ಬಿಗ್ ಸರ್‌ಗೇ ಪ್ರತ್ಯೇಕವಾದ ಭೂಬಳಕೆ ಯೋಜನೆ ಜಾರಿಯಾಯಿತು. ಕ್ರಿಟಿಕಲ್ ವ್ಯೂಶೆಡ್ ಅದರ ಜೀವಾಳ.

ನಿಯಮ ಎಷ್ಟು ಬಿಗಿ ನೋಡಿ. ಹೈವೇಯಿಂದ, ಇಲ್ಲವೇ ಪಟ್ಟಿಮಾಡಿದ ನೋಟದ ತಾಣಗಳಿಂದ, ಹೊಸ ಕಟ್ಟಡ ಬರಿಗಣ್ಣಿಗೆ ಕಾಣಬಾರದು. ಯಾವ ದಿಕ್ಕಿನಿಂದಲೂ, ಯಾವ ಋತುವಿನಲ್ಲೂ, ಎಷ್ಟೇ ಕಡಿಮೆ ಹೊತ್ತಾದರೂ ಸರಿ, ಕಂಡರೆ ಕಂಡಂತೆಯೇ. ಸುಮ್ನೆ ಕಾಗದದ ಮೇಲೆ ಅಳೆದು ಮುಗಿಸುವುದೂ ಇಲ್ಲ. ಮನೆ ಕಟ್ಟಲು ಅರ್ಜಿ ಹಾಕಿದವರು ಆ ಜಾಗದಲ್ಲಿ ಕಂಬ ನೆಟ್ಟು, ಮನೆಯ ಎತ್ತರ ಮತ್ತು ಚಾವಣಿಯ ಅಂಚು ತಿಳಿಯುವ ಹಾಗೆ ಬಾವುಟ ಕಟ್ಟಬೇಕು. ಆಮೇಲೆ ಅದು ರಸ್ತೆಯಿಂದ ಕಾಣುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ನಕ್ಷೆ, ವರದಿಗಳನ್ನು ಹೇಗೆ ಬೇಕಾದರೂ ಬರೆಸಬಹುದು. ಆದರೆ ಗಾಳಿಗೆ ಪಟಪಟ ಅನ್ನುವ ಬಾವುಟವನ್ನು ಅಡಗಿಸಲು ಆಗುವುದಿಲ್ಲ. ಇದರಷ್ಟು ನೇರವಾದ ನಿಯಮ ನನಗೆ ಬೇರೆ ಕಂಡಿಲ್ಲ.

ಹಾಗಾದರೆ ಜಮೀನು ಕೊಂಡವರ ಗತಿ? ಪೂರ್ತಿ ಜಮೀನು ಈ ವಲಯದೊಳಗೇ ಸಿಕ್ಕಿಕೊಂಡಿದ್ದರೆ, ಅಲ್ಲಿ ಕಳೆದುಕೊಂಡ ಒಂದು ಮನೆಗೆ ಬದಲಾಗಿ ಮರೆಯಲ್ಲಿರುವ ಬೇರೆ ಕಡೆ ಎರಡು ಮನೆ ಕಟ್ಟುವ ಹಕ್ಕು ಸಿಗುತ್ತದೆ. ಅದನ್ನು ಮಾರಲೂಬಹುದು. ಕೆಲವು ವಿನಾಯಿತಿಗಳೂ ಇವೆ, ಆದರೆ ನಿಯಮದ ಬೆನ್ನುಮೂಳೆ ಮುರಿಯುವಷ್ಟಲ್ಲ.

ಇಷ್ಟಾದರೂ ಬಿಗ್ ಸರ್ ಇಂದು ನಲುಗುತ್ತಿದೆ. ಕಾರಣ ಕಟ್ಟಡಗಳಲ್ಲ, ನೋಡಲು ಬರುವ ಜನ. ವ್ಯೂಶೆಡ್ ನಿಯಮ ರಸ್ತೆಯಿಂದ ಕಾಣುವುದನ್ನು ಕಾಯುತ್ತದೆ. ರಸ್ತೆಯ ಮೇಲೆಯೇ ನಿಂತವರನ್ನು ಏನು ಮಾಡಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. 1932ರ ಬಿಕ್ಸ್‌ಬಿ ಸೇತುವೆಯ ಬಳಿ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸುವ ಜಾಗ ಆ ನೋಟದ ತಾಣಗಳ ಪಟ್ಟಿಯಲ್ಲೇ ಇದೆ. ಈಗ ಫೋಟೋಗಾಗಿ ಎಲ್ಲರೂ ಅಲ್ಲೇ ಕಾರು ನಿಲ್ಲಿಸುತ್ತಾರೆ. ಜಾಗ ಸಾಲದೆ ಕಾರುಗಳು ರಸ್ತೆಗೇ ಚಾಚುತ್ತವೆ, ಜನ ವಾಹನಗಳ ನಡುವೆ ಓಡಾಡುತ್ತಾರೆ. 2016ರಲ್ಲಿ ಅಲ್ಲೇ ಹತ್ತಿರದ ಗರಪಾಟಾ ಪಾರ್ಕಿನಲ್ಲಿ ಯಾರೋ ಕದ್ದು ಹೊತ್ತಿಸಿ, ಆರಿಸದೆ ಬಿಟ್ಟುಹೋದ ಬೆಂಕಿ 1,32,000 ಎಕರೆಗೂ ಜಾಸ್ತಿ ನೆಲ ಸುಟ್ಟಿತು. ಒಂದೂ ಕಟ್ಟಡ ಏಳದೆಯೇ ಆದ ಹಾನಿ ಇದು.

ರಸ್ತೆ ಅಗಲ ಮಾಡೋಣವೆಂದರೆ ಅದಕ್ಕೂ ದಾರಿಯಿಲ್ಲ. ಕರಾವಳಿಯ ಗ್ರಾಮೀಣ ಭಾಗದಲ್ಲಿ ಹೈವೇ 1 ಎರಡೇ ಲೇನ್ ಇರಬೇಕು ಎಂದು ಆ ಕರಾವಳಿ ಕಾಯ್ದೆಯೇ ಹೇಳುತ್ತದೆ. ಅದು ಸರಿಯಾದ ಮಾತು ಕೂಡ. ಉಳಿದದ್ದು ಜನರ ಸಂಖ್ಯೆಗೆ ಮಿತಿ ಹಾಕುವುದು. ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಮ್ಯೂರ್ ವುಡ್ಸ್‌ನಲ್ಲಿ 2018ರಿಂದ ಕಾರು ನಿಲ್ಲಿಸಲು ಮೊದಲೇ ಬುಕ್ ಮಾಡಬೇಕು. ಆದರೆ ಅದು ಒಂದು ಪಾರ್ಕು, ಬಿಗ್ ಸರ್‌ನದು ಸಾರ್ವಜನಿಕ ಹೆದ್ದಾರಿ. ಮೇಲಾಗಿ, ಸಮುದ್ರ ತೀರ ಎಲ್ಲರಿಗೂ ಆದಷ್ಟು ತೆರೆದಿರಬೇಕು ಎಂಬುದೂ 1976ರ ಕಾಯ್ದೆಯಲ್ಲೇ ಇದೆ. ಹಾಗಾಗಿ ಈಗ ಚರ್ಚೆಯೆಲ್ಲ ಶಟಲ್ ಬಸ್ಸು, ಪಾರ್ಕಿಂಗ್ ನಿಷೇಧ, ದಂಡಗಳ ಸುತ್ತಲೇ ನಡೆಯುತ್ತಿದೆ. ನನ್ನ ಮತ ಬಸ್ಸಿಗೆ. ಬರುವವರನ್ನು ತಡೆಯದೆ ಕಾರುಗಳನ್ನಷ್ಟೇ ಕಡಿಮೆ ಮಾಡುವ ದಾರಿ ಅದು.