ಸ್ಕಿಜೋಫ್ರೇನಿಯಾ: ಹಳೆಯ ಐದು ವಿಧಗಳನ್ನು ಈಗ ಹೇಗೆ ಓದಬೇಕು

ಮೊದಲು ಹೆಸರಿನ ಗೊಂದಲ. ಸ್ಕಿಜೋಫ್ರೇನಿಯಾ ಎಂಬ ಮನೋರೋಗದ ಕನ್ನಡ ಹೆಸರು ‘ಛಿದ್ರಮನಸ್ಕತೆ’ ಎಂದೊಡನೆ ‘ಒಬ್ಬರೊಳಗೆ ಇಬ್ಬರು’ ಎಂದು ಬರೆದು ಅಂಕ ಕಳೆದುಕೊಳ್ಳಬೇಡಿ. 1908ರಲ್ಲಿ ಈ ಹೆಸರು ಕೊಟ್ಟ ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್ ಹೇಳಿದ್ದು ಯೋಚನೆ, ಭಾವನೆ, ವರ್ತನೆಗಳ ನಡುವಿನ ಕೊಂಡಿ ಕಳಚುವುದನ್ನು.

ಹಳೆಯ ಪಠ್ಯಗಳ ಐದು ವಿಧಗಳಿವು: ಸಂಶಯ ಮತ್ತು ಇಲ್ಲದ ದನಿ ಕೇಳುವುದೇ ಎದ್ದು ಕಾಣುವ ಪ್ಯಾರನಾಯ್ಡ್, ಮಾತು-ವರ್ತನೆ ಚದುರಿ ಹೊತ್ತುಗೊತ್ತಿಲ್ಲದ ನಗು ಬರುವ ಹೆಬಿಫ್ರೆನಿಕ್, ಚಲನೆಯೇ ಕೆಡುವ ಕ್ಯಾಟಟೋನಿಕ್, ಯಾವುದಕ್ಕೂ ಸರಿಹೊಂದದ್ದು, ತೀವ್ರ ಲಕ್ಷಣ ಇಳಿದ ಮೇಲೆ ಉಳಿಯುವ ರೆಸಿಡ್ಯುಯಲ್. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್‌ಎಂ-5 ಇವನ್ನು ಕೈಬಿಟ್ಟಿತು, ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11 ಕೂಡ. ಕಾರಣ, ಒಮ್ಮೆ ಪ್ಯಾರನಾಯ್ಡ್ ಎನಿಸಿಕೊಂಡವರೇ ಕೆಲವು ವರ್ಷಗಳಲ್ಲಿ ಬೇರೆ ಗುಂಪಿಗೆ ಸೇರುತ್ತಿದ್ದರು. ಯಾವ ಔಷಧ ನಾಟೀತು ಎಂಬುದನ್ನೂ ವಿಧ ತಿಳಿಸುತ್ತಿರಲಿಲ್ಲ.

ಈಗ ನೋಡುವುದು ಲಕ್ಷಣಗಳನ್ನು: ಅಲುಗದ ಸುಳ್ಳು ನಂಬಿಕೆ, ಇಲ್ಲದ್ದು ಕೇಳುವುದು-ಕಾಣುವುದು, ಅಸಂಬದ್ಧ ಮಾತು, ಚದುರಿದ ಅಥವಾ ಕ್ಯಾಟಟೋನಿಕ್ ವರ್ತನೆ, ಋಣ ಲಕ್ಷಣಗಳು (ಇರಬೇಕಾದ ಮಾತು, ಭಾವ, ಉತ್ಸಾಹ ಕುಗ್ಗುವುದು). ಡಿಎಸ್‌ಎಂ-5 ಪ್ರಕಾರ ಇವುಗಳಲ್ಲಿ ಎರಡಾದರೂ ಒಂದು ತಿಂಗಳು ಇರಬೇಕು. ಅವುಗಳಲ್ಲಿ ಒಂದು ಮೊದಲ ಮೂರರಲ್ಲಿನದೇ ಆಗಿರಬೇಕು. ಜೊತೆಗೆ ಕಾಯಿಲೆಯ ಗುರುತುಗಳು ಒಟ್ಟು 6 ತಿಂಗಳು ಕಂಡಿರಬೇಕು. ಐಸಿಡಿ-11ಕ್ಕೆ ಒಂದು ತಿಂಗಳು ಸಾಕು. ಇನ್ನೊಂದು ಮಾತು: ಮೈಮೇಲೆ ದೇವರು ಬರುತ್ತದೆಂದು ಊರಿಗೆ ಊರೇ ನಂಬಿದ್ದರೆ, ಆ ನಂಬಿಕೆಯೊಂದನ್ನೇ ಹಿಡಿದು ಕಾಯಿಲೆ ಎನ್ನಲಾಗದು.

ಎಡವುವುದು ಹೆಚ್ಚಾಗಿ ಎರಡು ಕಡೆ. ಒಂದು, ಕ್ಯಾಟಟೋನಿಯಾ. ಮಾತಿಲ್ಲ, ಊಟವಿಲ್ಲ, ಎತ್ತಿ ಹಿಡಿದ ಕೈ ಹಾಗೇ ನಿಲ್ಲುತ್ತದೆ. ಮನೆಯವರು ಹಟ ಎನ್ನುತ್ತಾರೆ. ಮೈಯ ನೀರಿನಂಶ ಕುಸಿಯಬಹುದು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಇದು ಖಿನ್ನತೆ, ಬೈಪೋಲಾರ್, ದೇಹದ ಕಾಯಿಲೆಗಳಲ್ಲೂ ಬರುವುದರಿಂದ ಈಗ ಸ್ಕಿಜೋಫ್ರೇನಿಯಾದ ಸ್ವತ್ತಲ್ಲ. ಆಸ್ಪತ್ರೆಯಲ್ಲಿ 1–2 ಮಿ.ಗ್ರಾಂ ಲೊರಾಜೆಪಾಮ್ (ಶಮನಕಾರಿ ಔಷಧ) ಕೊಟ್ಟು ನೋಡುತ್ತಾರೆ; ಹಲವರು ಅದಕ್ಕೇ ಸಡಿಲಗೊಳ್ಳುತ್ತಾರೆ, ಆಗದಿದ್ದರೆ ಇಸಿಟಿ (ಮಿದುಳಿಗೆ ಕೊಡುವ ವಿದ್ಯುತ್ ಚಿಕಿತ್ಸೆ). ಆತುರಪಟ್ಟು, ದನಿ-ಭ್ರಮೆ ಇಳಿಸುವ ಹ್ಯಾಲೊಪೆರಿಡಾಲ್ ಕೊಟ್ಟರೆ ಸ್ಥಿತಿ ಬಿಗಡಾಯಿಸಿ, ಜ್ವರ ಏರಿ ಮೈ ಸೆಟೆಯುವ ಮಾರಕ ನ್ಯೂರೋಲೆಪ್ಟಿಕ್ ಮ್ಯಾಲಿಗ್ನಂಟ್ ಸಿಂಡ್ರೋಮ್‌ವರೆಗೂ ಹೋಗಬಹುದು.

ಇನ್ನೊಂದು, ಋಣ ಲಕ್ಷಣ. ಮಾತು ಕಡಿಮೆ, ಮುಖದಲ್ಲಿ ಭಾವವಿಲ್ಲ, ಸ್ನಾನಕ್ಕೂ ಏಳುವುದಿಲ್ಲ: ಸೋಮಾರಿತನದ ಹಣೆಪಟ್ಟಿ ಬೀಳುತ್ತದೆ. ಮಾತ್ರೆ ದನಿಗಳನ್ನು ಇಳಿಸಿದಷ್ಟು ಸುಲಭವಾಗಿ ಇದನ್ನು ಇಳಿಸುವುದಿಲ್ಲ. ಮಾತ್ರೆಯ ಅಡ್ಡಪರಿಣಾಮವೂ ಹೀಗೇ ಕಾಣುವುದುಂಟು. ಮಣಿಕಟ್ಟು, ಮೊಣಕೈ ಬಗ್ಗಿಸಿ ಬಿಗಿತ ನೋಡಿ, ಕೈನಡುಕ ಗಮನಿಸಿ. ಅವು ಇದ್ದರೆ ಡೋಸ್ ಬಗ್ಗೆ ವೈದ್ಯರಿಗೆ ಹೇಳಬೇಕು.

ಎರಡು ಬೇರೆ ಬೇರೆ ಔಷಧಗಳನ್ನು ಸಾಕಷ್ಟು ಡೋಸ್‌ನಲ್ಲಿ ತಲಾ 6 ವಾರ ಕೊಟ್ಟರೂ ಗುಣ ಕಾಣದಿದ್ದರೆ ಕ್ಲೋಜಪೀನ್ ಎಂಬ ಔಷಧದ ಸರದಿ. ಆದರೆ ಮಾತ್ರೆ ನಿಜಕ್ಕೂ ಒಳಗೆ ಹೋಗಿತ್ತೇ ಎಂದು ಮೊದಲು ಕೇಳಿ.